ಖಾಲಿ ಹ್ಯಾಂಗರ್

ಮನೆಯಲ್ಲಿ ಹುಡುಕುವ ವಸ್ತು ಸಿಗದೇ ಇರಲಪ್ಪಾ ಎಂದು ಬೇಡಿಕೊಂಡದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಕೀಲಿಕೈ, ಕನ್ನಡಕ, ಕತ್ತರಿ ಎಂದು ದಿನಕ್ಕೊಂದನ್ನು ಕಳೆದು ಮನೆಮಂದಿಯನ್ನೆಲ್ಲ ಬೈಯುವವಳು ನಾನು. ಆ ಮಧ್ಯಾಹ್ನ ತಮ್ಮನ ಬೀರುವಿನ ಬಾಗಿಲು ತೆಗೆಯಲು ಮಾತ್ರ ಕೈಯೇ ಏಳಲಿಲ್ಲ.

ಅವನು ವಿದ್ಯುತ್ ಕಚೇರಿಯಲ್ಲಿ ಲೈನ್‌ಮನ್. ಬೆಳಗಿನ ಜಾವದ ಗಾಳಿಗೆ ಗುಡ್ಡದ ಮೇಲಿನ ತಂತಿ ಹರಿದು ಊರಿಗೆ ಊರೇ ಕತ್ತಲಾಗಿತ್ತು. ಜೊತೆಯವನಿಗೆ ಜ್ವರ, ಇವನು ಒಬ್ಬನೇ ಹೊರಟ. ಮಧ್ಯಾಹ್ನಕ್ಕೆ ಮುಂಚೆ ಕರೆಂಟು ಬಂತು. ಅಂದರೆ ಹತ್ತಿದ್ದ, ತಂತಿ ಜೋಡಿಸಿದ್ದ. ಇಳಿದು ಬರಲಿಲ್ಲ ಅಷ್ಟೆ. ಆಮೇಲೆ ಹಿಮ ಸುರಿಯತೊಡಗಿ ಗುಡ್ಡವೇ ಕಾಣದಾಯಿತು, ಅವನ ಫೋನು ಸ್ವಿಚ್ ಆಫ್ ಎಂದೇ ಹೇಳುತ್ತಿತ್ತು.

ಹುಡುಕಲು ಹೋದ ದಳದ ಮುಖ್ಯಸ್ಥ ಅರ್ಧ ಗುಡ್ಡದಿಂದ ಫೋನು ಮಾಡಿದ. ನಯವಾಗಿ ಮಾತಾಡಲು ಬಾರದ ಮನುಷ್ಯ. ಅಂಥವರ ಮೇಲೆ ನನಗೆ ನಂಬಿಕೆ ಜಾಸ್ತಿ.

“ಏನೇನು ಹಾಕ್ಕೊಂಡು ಹೋಗಿದಾರೆ, ಸರಿಯಾಗಿ ನೋಡಿ ಹೇಳಿ. ಒಳ್ಳೇ ಕೋಟು ಮೈಮೇಲಿದ್ರೆ ಮನುಷ್ಯ ರಾತ್ರಿ ತಳ್ಳಬಹುದು, ನಾವೂ ಟಾರ್ಚ್ ಹಿಡ್ಕೊಂಡು ಹುಡುಕ್ತೀವಿ. ಇಲ್ಲ ಅಂದ್ರೆ ಈ ಗಾಳೀಲಿ ಕತ್ತಲಾಗೋವರೆಗೂ ಉಳಿಯೋದು ಕಷ್ಟ. ನನ್ನ ಜನಾನೂ ನಾನು ಮನೆಗೆ ಮುಟ್ಟಿಸಬೇಕಲ್ಲ.”

ತಮ್ಮನ ಹೆಂಡತಿ ಬ್ರೆಡ್ ಕಾರ್ಖಾನೆಯಲ್ಲಿ ಕೆಲಸ ಮಾಡುವವಳು. ಅವನಿಗಿಂತ ಮೊದಲೇ ಮನೆ ಬಿಟ್ಟಿದ್ದಳು, ಏನು ಹಾಕಿಕೊಂಡು ಹೋದನೆಂದು ಅವಳಿಗೆ ಗೊತ್ತಿರಲಿಲ್ಲ. ಮನೆಯಲ್ಲಿದ್ದದ್ದು ಹಿಂದಿನ ಕೋಣೆಯಲ್ಲಿ ಮಲಗಿದ್ದ ಅಮ್ಮ ಒಬ್ಬಳೇ. ಅಮ್ಮನಿಗೆ ನಾವು ವಿಷಯ ಹೇಳಿರಲಿಲ್ಲ. ಎದೆ ಗಟ್ಟಿಯಿಲ್ಲದ ಮುದುಕಿ, ಸುಮ್ಮನೆ ಗಾಬರಿ ಯಾಕೆ ಎಂದು ಇಬ್ಬರೂ ಪಿಸುಗುಟ್ಟಿಕೊಂಡೇ ಓಡಾಡುತ್ತಿದ್ದೆವು.

“ಮೊದಲು ಬನಿಯನ್ ನೋಡೇ,” ಎಂದೆ.

ಈ ಬನಿಯನ್ ಪಾಠ ಹೇಳಿಕೊಟ್ಟವನು ಪೇಟೆಯ ಚಳಿಬಟ್ಟೆ ಅಂಗಡಿಯ ಮೀಸೆಯವನು. ಚಳಿಗಾಲದ ಮೊದಲು ತಮ್ಮನನ್ನು ಅಲ್ಲಿಗೆ ಎಳೆದುಕೊಂಡು ಹೋದದ್ದು ನಾನೇ. ನಾನು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಇಟ್ಟವಳು. ಯಾರ್‍ಯಾರದೋ ದಪ್ಪ ಕೋಟುಗಳನ್ನು ಒಣಗಿಸಿ ಕೊಡುವಾಗಲೆಲ್ಲ, ನನ್ನ ಒಡಹುಟ್ಟಿದವನು ಕಚೇರಿ ಕೊಟ್ಟ ಹಳದಿ ಮಳೆಕೋಟಿನಲ್ಲಿ ಕಂಬ ಹತ್ತುತ್ತಾನಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಮೀಸೆಯವನು ನಮ್ಮನ್ನು ಕೂರಿಸಿಕೊಂಡು, ಮೈಗೆ ಅಂಟುವ ಬಟ್ಟೆ ಹತ್ತಿಯದ್ದಾಗಿರಲೇಬಾರದು, ಬೆವರು ಹೀರಿ ಒದ್ದೆಯಾಗಿ ಅದೇ ಮೈ ತಣ್ಣಗೆ ಮಾಡುತ್ತದೆ, ಒಳಗೆ ತೆಳ್ಳನೆಯ ಉಣ್ಣೆ ಹಾಕಬೇಕು ಎಂದಿದ್ದ. ಅದರ ಮೇಲೆ ದಪ್ಪ ಸ್ವೆಟರ್, ಎಲ್ಲಕ್ಕಿಂತ ಮೇಲೆ ಗಾಳಿ ನುಗ್ಗದ ಕೋಟು. ಬೂಟಿನೊಳಗೆ ಎರಡು ಕಾಲುಚೀಲ ಹಾಕಿದ ಮೇಲೂ ಬೆರಳು ಆಡಬೇಕು, ಇಕ್ಕಟ್ಟಾದರೆ ರಕ್ತ ಓಡುವುದಿಲ್ಲ.

ತಮ್ಮನಿಗೆ ಇದೆಲ್ಲ ತಮಾಷೆ. ಹಕ್ಕಿ ತುಪ್ಪುಳು ತುಂಬಿದ ಕೋಟನ್ನು ಮೀಸೆಯವನು ಮುಷ್ಟಿಯಲ್ಲಿ ಹಿಚುಕಿ ಬಿಟ್ಟಾಗ ಅದು ಮತ್ತೆ ಉಬ್ಬಿಕೊಂಡಿತು. ಇವನು ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತು ನಕ್ಕ.

“ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನೀನು ನೋಡಿದ್ರೆ ಹಾಸಿಗೆಯನ್ನೇ ತೊಟ್ಕೊಂಡು ಕಂಬ ಹತ್ತು ಅಂತೀಯಲ್ಲಕ್ಕಾ!”

“ಮುಚ್ಚೋ ಬಾಯಿ. ಕೈ ಮೇಲೆತ್ತು, ಸೊಂಟ ಕಾಣುತ್ತಾ ನೋಡ್ತೀನಿ.”

ಕೈ ಎತ್ತಿದ. ಸೊಂಟ ಕಾಣಲಿಲ್ಲ. ಕೊಳೆ ಕಾಣುವುದಿಲ್ಲವೆಂದು ಬೂದು ಬಣ್ಣದ್ದು ಬೇಕೆಂದ. ನಾನು ಹಟ ಹಿಡಿದು ಕಿತ್ತಳೆ ಬಣ್ಣದ್ದೇ ಕೊಡಿಸಿದೆ. ದೂರದಿಂದ ಎದ್ದು ಕಾಣಲಿ ಎಂದು.

“ಅತ್ತಿಗೆ, ಹತ್ತಿ ಬನಿಯನ್‌ಗಳೆಲ್ಲ ಇಲ್ಲೇ ಇವೆ!” ತಮ್ಮನ ಹೆಂಡತಿ ಬನಿಯನ್‌ಗಳನ್ನು ಎದೆಗವಚಿಕೊಂಡಿದ್ದಳು. “ಉಣ್ಣೇದು ಇಲ್ಲ. ಉಣ್ಣೇದೇ ಹಾಕ್ಕೊಂಡು ಹೋಗಿದಾರೆ.”

ದಪ್ಪ ಸ್ವೆಟರ್ ಇರಲಿಲ್ಲ. ಕಿವಿ ಮುಚ್ಚುವ ಟೊಪ್ಪಿ ಇರಲಿಲ್ಲ. ಬಾಗಿಲ ಹಿಂದೆ ಹಳೆಯ ಬೂಟುಗಳಿದ್ದವು, ಹೊಸವು ಇರಲಿಲ್ಲ. ಒಂದೊಂದು ವಸ್ತು ಇಲ್ಲವೆಂದು ಗೊತ್ತಾದಾಗಲೂ ನಮಗೆ ಹಬ್ಬ. ಹೀಟರ್ ಮೇಲೆ ಒಣಹಾಕಿದ್ದ ದಪ್ಪ ಕೈಗವಸುಗಳು ಮಾತ್ರ ಅಲ್ಲೇ ಇದ್ದವು. ಕೆಲಸದ ರಬ್ಬರಿನವೇ ಸಾಕೆಂದು ಹೋಗಿರಬೇಕು, ಕತ್ತೆ. ನಾನು ಆ ಕೈಗವಸುಗಳಿಗೆ ಬೈದೆ. ಅವಳು ಅವನ್ನು ಎತ್ತಿ ಜೇಬಿಗಿಟ್ಟುಕೊಂಡಳು.

ಕೊನೆಗೆ ಉಳಿದದ್ದು ಬೀರುವಿನ ಬಲಗಡೆಯ ಬಾಗಿಲು. ಅವಳೇ ತೆಗೆದಳು. ಮದುವೆಯ ಸೂಟು, ಅದರ ಪಕ್ಕ ಅಗಲ ಭುಜದ ಮರದ ಹ್ಯಾಂಗರ್. ಹ್ಯಾಂಗರ್ ಖಾಲಿಯಿತ್ತು.

ಅವಳು ಬೀರುವಿಗೇ ಒರಗಿ ಅತ್ತುಬಿಟ್ಟಳು. ನನಗೂ ಹೋದ ಜೀವ ಬಂದಂತಾಯಿತು. ಹುಟ್ಟಿದಾಗಿನಿಂದ ಒಂದು ಮಾತೂ ಕೇಳದವನು ಇದೊಂದನ್ನು ಕೇಳಿದನಲ್ಲ ಎಂದು ಅವನ ಮೇಲೆ ಪ್ರೀತಿ ಉಕ್ಕಿತು. ಫೋನು ಎತ್ತಿದೆ.

“ಕೋಟು ಹಾಕ್ಕೊಂಡಿದಾನೆ. ಕಿತ್ತಳೆ ಬಣ್ಣ. ನಾನೇ ಕೊಡಿಸಿದ್ದು.”

“ಅಷ್ಟು ಸಾಕು,” ಎಂದ ಮುಖ್ಯಸ್ಥ. ಆ ಕಡೆ ಗಾಳಿ ಊಳಿಡುತ್ತಿತ್ತು. “ಹಾಗಾದ್ರೆ ನಾವು ವಾಪಸ್ ಬರಲ್ಲ. ಮೇಲಿನ ಬಂಡೆ ಕಡೆ ಹತ್ತುತ್ತೀವಿ. ಅಲ್ಲಿ ಜಾರುತ್ತೆ, ಆದ್ರೂ ನೋಡೋಣ.”

ಎಷ್ಟೋ ಹೊತ್ತಿನ ಮೇಲೆ ನಮಗೆ ಹಸಿವು ನೆನಪಾಯಿತು. ಅವಳು ಹಾಲು ಕಾಯಿಸಿದಳು. ಅಮ್ಮನಿಗೊಂದು ಲೋಟ ತೆಗೆದುಕೊಂಡು ನಾನು ಹಿಂದಿನ ಕೋಣೆಗೆ ಹೋದೆ. ಕೋಣೆ ಹೀಟರ್‌ನಿಂದ ಬೆಚ್ಚಗಿತ್ತು. ಅಮ್ಮ ಎಚ್ಚರವಾಗಿಯೇ ಇದ್ದಳು, ಹಣೆಯಲ್ಲಿ ಬೆವರು.

“ಸೆಕೆ ಕಣೇ,” ಎಂದಳು. “ಇದನ್ನ ತೆಗಿ ಮೇಲಿಂದ.”

ರಜಾಯಿ ಸರಿಸಿದೆ. ಅದರಡಿ ಕಂಬಳಿ. ಕಂಬಳಿಯನ್ನೂ ಸರಿಸಿದೆ.

ಕಿತ್ತಳೆ ಬಣ್ಣ. ಅಮ್ಮನ ಎದೆಯಿಂದ ಮೊಣಕಾಲಿನವರೆಗೆ ಕೋಟನ್ನು ಹರವಿ, ಎರಡೂ ತೋಳುಗಳನ್ನು ಅವಳ ಬೆನ್ನಡಿಗೆ ಸಿಕ್ಕಿಸಿದ್ದ. ಮಕ್ಕಳನ್ನು ಸುತ್ತಿ ಮಲಗಿಸುವ ಹಾಗೆ.

“ಬೆಳಿಗ್ಗೆ ಕರೆಂಟು ಹೋಯ್ತಲ್ಲ, ಹಲ್ಲು ಕಟಕಟ ಅಂತಿತ್ತು ನಂಗೆ,” ಎಂದಳು ಅಮ್ಮ. “ಬೇಡ ಕಣೋ ಅಂದ್ರೂ ಕೇಳಲಿಲ್ಲ. ಕರೆಂಟು ಬರೋವರೆಗೆ ಹೊದ್ಕೊಂಡಿರು, ಬಿಸಿಲು ಹತ್ತೋದ್ರೊಳಗೆ ಬಂದ್ಬಿಡ್ತೀನಿ ಅಂದ. ಈಗ ಬಂದಿರ್ಬೇಕಲ್ಲ, ಅವನಿಗೆ ಬೇಕಾಗುತ್ತೆ, ಕೊಟ್ಟು ಬಾ.”

ಲೋಟವನ್ನು ಎಲ್ಲಿಟ್ಟೆನೋ ನೆನಪಿಲ್ಲ. ಕೋಟನ್ನೆತ್ತಿಕೊಂಡು ಹೊರಗೆ ಬಂದೆ. ಅದು ಬಿಸಿಯಾಗಿತ್ತು. ಅವನು ತಂತಿ ಜೋಡಿಸಿದ ಗಳಿಗೆಯಿಂದಲೇ ಅಮ್ಮನಿಗೆ ಅದು ಬೇಕಿರಲಿಲ್ಲ. ನಾವು ಪಿಸುಗುಟ್ಟಿಕೊಂಡು ಮನೆಯೆಲ್ಲ ಜಾಲಾಡುವ ಬದಲು ಆ ಮುದುಕಿಯನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು.

ತಮ್ಮನ ಹೆಂಡತಿ ಒಲೆಯ ಮುಂದೆ ನಿಂತಿದ್ದಳು. ನನ್ನ ಕೈ ನೋಡಿದಳು. ಕಿರುಚುತ್ತಾಳೆಂದುಕೊಂಡೆ. ಒಲೆ ಆರಿಸಿ, ಕೈ ಒರೆಸಿಕೊಂಡಳು.

“ಅವರಿಗೆ ಹೇಳಬೇಡಿ ಅತ್ತಿಗೆ,” ಎಂದಳು. “ಹುಡುಕ್ಲಿ.”

ನನ್ನ ಮನಸ್ಸಿನಲ್ಲೂ ಇದ್ದದ್ದು ಅದೇ, ಯಾಕೆ ಸುಳ್ಳು ಹೇಳಲಿ? ನನ್ನ ತಮ್ಮ ಸಿಗುವುದಾದರೆ ಆ ದಳದವರೆಲ್ಲ ಬೆಳಗಿನವರೆಗೆ ಬಂಡೆ ಹತ್ತಲಿ ಎನಿಸಿತು. ಕಿಟಕಿಯಾಚೆ ಬೀದಿಯ ದೀಪಗಳೆಲ್ಲ ಹತ್ತಿಕೊಂಡಿದ್ದವು. ಎದುರು ಮನೆಯಲ್ಲಿ ಯಾರೋ ಟಿವಿ ನೋಡುತ್ತಿದ್ದರು. ಇವನು ಕೊಟ್ಟ ಕರೆಂಟಿನಲ್ಲಿ ಊರೆಲ್ಲ ಕಾಲು ಚಾಚಿ ಕೂತಿದೆಯಲ್ಲ ಎಂದು ಮೈಯೆಲ್ಲ ಉರಿಯಿತು. ಅಲ್ಲಿ ಜಾರುತ್ತದೆ ಎಂದಿದ್ದ ಆ ಮನುಷ್ಯನ ದನಿಯೂ ಕಿವಿಯಿಂದ ಹೋಗುತ್ತಿರಲಿಲ್ಲ. ಅವರ ಮನೆಗಳಲ್ಲೂ ಯಾರೋ ಹಾಲು ಕಾಯಿಸುತ್ತಿರುತ್ತಾರೆ.

ನಾನು ಫೋನನ್ನು ಕೈಗೆತ್ತಿಕೊಂಡೆ, ಕೆಳಗಿಟ್ಟೆ, ಮತ್ತೆ ಎತ್ತಿಕೊಂಡೆ. ಅವಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು. ಬಿಸಾಡುತ್ತಾಳೇನೋ ಎಂದುಕೊಂಡೆ.

“ಬಿಡಿ. ನನ್ನ ಗಂಡ, ನಾನೇ ಹೇಳ್ತೀನಿ.”

ಗೋಡೆಯ ಕಡೆ ತಿರುಗಿ ನಿಂತು ಮಾತಾಡಿದಳು. “ಕೋಟು ಮನೇಲೇ ಇದೆ. ಈಗ ಸಿಕ್ತು. ಹೌದು... ಮೈಮೇಲೆ ಉಣ್ಣೆ ಇದೆ, ಸ್ವೆಟರ್ ಇದೆ. ಮೇಲೆ ಮಳೆಕೋಟು. ದಪ್ಪ ಕೈಗವಸೂ ಇಲ್ಲ.” ಆ ಕಡೆ ಮುಖ್ಯಸ್ಥ ಹೇಳಿದ್ದು ನನಗೂ ಕೇಳಿಸಿತು. “ಬೆಳಕು ಹರಿದ ಮೇಲೆ ಬರ್ತೀವಿ ತಾಯಿ.” ಆ ದನಿ ಮೆತ್ತಗಾಗಿತ್ತು. ಮೆತ್ತಗಾದದ್ದನ್ನು ಕೇಳಿಯೇ ನನಗೆ ಎಲ್ಲ ಮುಗಿಯಿತೆಂದು ಗೊತ್ತಾಯಿತು.

ಅವಳು ಕೋಟನ್ನು ತೆಗೆದುಕೊಂಡು ಹೋಗಿ ಹ್ಯಾಂಗರ್‌ಗೆ ಹಾಕಿದಳು. ತನ್ನ ಜೇಬಿನಲ್ಲಿದ್ದ ಕೈಗವಸುಗಳನ್ನು ಅದರ ಜೇಬಿಗಿಟ್ಟಳು. ಜಿಪ್ಪನ್ನು ಕತ್ತಿನವರೆಗೂ ಎಳೆದಳು. ಒಳಗೆ ತುಪ್ಪುಳು ನಿಧಾನವಾಗಿ ಉಬ್ಬಿಕೊಂಡಿತು, ಒಳ್ಳೆಯ ಕೋಟು ಹೇಗೆ ಉಬ್ಬಬೇಕೆಂದು ಮೀಸೆಯವನು ತೋರಿಸಿದ್ದನೋ ಹಾಗೆಯೇ. ಅವಳು ಬೀರುವಿನ ಬಾಗಿಲು ಹಾಕಲಿಲ್ಲ, ಅದರ ಮುಂದೆಯೇ ನೆಲದಲ್ಲಿ ಕೂತಳು.

ಒಳಗಿನಿಂದ ಅಮ್ಮ ಕರೆದಳು. ಹೋದೆ.

“ಕೊಟ್ಟು ಬಂದ್ಯಾ?”

“ಕೊಟ್ಟೆ ಅಮ್ಮ.”

“ಹಾಕ್ಕೊಂಡ್ನಾ?”

“ಹಾಕ್ಕೊಂಡಿದಾನೆ.”

“ಹಾಗಾದ್ರೆ ಅವನಿಗೆ ಚಳಿಯಾಗಲ್ಲ ಬಿಡು,” ಎಂದು ಅಮ್ಮ ಗೋಡೆಯ ಕಡೆ ಹೊರಳಿ ಮಲಗಿದಳು.