ಭೇಟಿಯ ಕೋಣೆಯ ಮಾತು

ಹೈದರಾಬಾದಿನ ಮಕ್ಕಳ ರಕ್ಷಣಾ ಕಚೇರಿಯಲ್ಲಿ ರಾಯಚೂರಿನ ವಿಜಯಶ್ರೀ ಗುತ್ತಿಗೆ ನೌಕರಿ ಮಾಡುತ್ತಿದ್ದಳು. ಕನ್ನಡ ಬರುತ್ತದೆಂದು ಸುಗಲಮ್ಮನ ಕಡತ ಅವಳ ಪಾಲಿಗೆ ಬಂತು.

ಯಾದಗಿರಿ ಕಡೆಯ ಲಂಬಾಣಿ ತಾಂಡಾದ ಸುಗಲಮ್ಮ ನಗರದ ನಾಚಾರಂನಲ್ಲಿ ಕಟ್ಟಡವೊಂದಕ್ಕೆ ಇಟ್ಟಿಗೆ ಹೊರುತ್ತಿದ್ದಾಗ ಅವಳ ನಾಲ್ಕು ವರ್ಷದ ಮಗಳು ಗಗನ ಗೇಟು ದಾಟಿ ರಸ್ತೆಗೆ ಹೋಗಿದ್ದಳು. ಯಾರೋ ಪೊಲೀಸರಿಗೆ ಒಪ್ಪಿಸಿದರು. ಪೊಲೀಸರು ಬಾಲಗೃಹಕ್ಕೆ ಸೇರಿಸಿದರು. ಮೂರು ದಿನ ಹುಡುಕಿ ತಾಯಿ ಅಲ್ಲಿಗೆ ಮುಟ್ಟಿದಾಗ ಜನನ ಪತ್ರ ಕೇಳಿದರು. ಗುಡಿಸಲಲ್ಲಿ ಹುಟ್ಟಿದ ಕೂಸಿಗೆ ಅದಿರಲಿಲ್ಲ.

ವಿಜಯಶ್ರೀ ತಾಂಡಾದ ಅಂಗನವಾಡಿಯಿಂದ ದಾಖಲೆ ತರಿಸುವಷ್ಟರಲ್ಲಿ ಎರಡು ತಿಂಗಳಾಯಿತು. ಆದರೂ ಮಕ್ಕಳ ಕಲ್ಯಾಣ ಸಮಿತಿ ಮಗುವನ್ನು ಕೊಡಲಿಲ್ಲ. ವಾರದ ಭೇಟಿಗಳಲ್ಲಿ ತಾಯಿ ಸುಮ್ಮನೆ ಕೂರುತ್ತಾಳೆ, ಮಮತೆ ಕಾಣುವುದಿಲ್ಲ ಎಂದು ಬಾಲಗೃಹದ ಮೇಲ್ವಿಚಾರಕಿ ಶಾಮಲಾ ಬರೆದಿದ್ದಳು.

"ಯಾಕ ಮಾತಾಡಂಗಿಲ್ಲ ನೀ?" ಎಂದು ವಿಜಯಶ್ರೀ ಬಾಲಗೃಹದ ಗೇಟಿನ ಹೊರಗೆ ಕೇಳಿದಳು.

"ತೆಲುಗಿನ್ಯಾಗ ಮಾತಾಡು ಅಂತಾರ್ರೀ ಅಕ್ಕಾರ, ಅವರಿಗೆ ತಿಳೀಬೇಕಂತ," ಎಂದಳು ಸುಗಲಮ್ಮ. "ನನ್ನ ಕೂಸಿನ ಜೋಡಿ ನಾ ಯಾವತ್ತೂ ತೆಲುಗು ಆಡಿಲ್ರೀ."

ವಿಜಯಶ್ರೀಗೆ ಸಿಟ್ಟು ಬರಬೇಕಿತ್ತು. ಸಿಟ್ಟು ಮಾಡುವಷ್ಟು ತ್ರಾಣವೂ ಉಳಿದಿರಲಿಲ್ಲ. ಒಳಗೆ ಹೋಗಿ ಶಾಮಲಾಳ ಎದುರು ಕೂತಳು. ಶಾಮಲಾ ಕೆಟ್ಟವಳೇನಲ್ಲ. ತನಗೆ ತಿಳಿಯದ ಮಾತನ್ನು ಏನೆಂದು ಬರೆಯಲಿ ಎಂದಳು. ತಾಯಿ ತನ್ನ ಮಾತಲ್ಲೇ ಆಡಲಿ, ಬರೆಯುವುದು ನನಗಿರಲಿ ಎಂದು ವಿಜಯಶ್ರೀ ಒಪ್ಪಿಸಿದಳು. ತನಗೂ ಲಂಬಾಣಿ ಬಾರದೆಂಬುದನ್ನು ಮಾತ್ರ ಹೇಳಲಿಲ್ಲ.

ಮುಂದಿನ ಭೇಟಿಯಲ್ಲಿ ಸುಗಲಮ್ಮ ಮಗಳ ತಲೆಯನ್ನು ತೊಡೆಗೆ ಎಳೆದುಕೊಂಡು, ಹೇನು ನೋಡುತ್ತ, ತನ್ನ ಭಾಷೆಯಲ್ಲಿ ಮಾತಿಗೆ ತೊಡಗಿದಳು. ಗಗನ ಬಾಲಗೃಹದಲ್ಲಿ ಕಲಿತ ತೆಲುಗಿನಲ್ಲೇ ಉತ್ತರ ಕೊಟ್ಟಳು. ತಾಯಿ ನಿಲ್ಲಿಸಲಿಲ್ಲ. ಅರ್ಧ ತಾಸಿನ ಮೇಲೆ ಮಗು ಕಣ್ಣು ಮುಚ್ಚಿಕೊಂಡೇ, ಅವ್ವನನ್ನು ತಾಂಡಾದಲ್ಲಿ ಕರೆಯುವಂತೆ, "ಯಾಡಿ" ಎಂದಳು. ಕೂದಲಲ್ಲಿ ಆಡುತ್ತಿದ್ದ ತಾಯಿಯ ಬೆರಳು ನಿಂತವು.

ಅಷ್ಟು ಹೊತ್ತು ಏನು ಹೇಳಿದೆ ಎಂದು ಆಮೇಲೆ ಕೇಳಿದರೆ, ಊರಲ್ಲಿ ಆಡು ಎರಡು ಮರಿ ಹಾಕಿದ ಸುದ್ದಿ ಎಂದಳು ಸುಗಲಮ್ಮ. ವಿಜಯಶ್ರೀ ಅದನ್ನೇ ವರದಿಯಲ್ಲಿ ಬರೆದಳು.

ವರದಿ ಹೋದ ಮೂರನೆಯ ವಾರ ಸಮಿತಿ ಮಗುವನ್ನು ಕೊಟ್ಟಿತು. ಕೆಲಸದ ಜಾಗಕ್ಕೆ ಕರೆದೊಯ್ಯಬಾರದು, ಆರು ತಿಂಗಳು ಕಚೇರಿಯವರು ಬಂದು ನೋಡಬೇಕು ಎಂದು ಷರತ್ತು ಹಾಕಿತು. ಹತ್ತಿರದ ಅಂಗನವಾಡಿ ಮಧ್ಯಾಹ್ನವೇ ಮುಚ್ಚುತ್ತಿತ್ತು. ಸುಗಲಮ್ಮ ಅರ್ಧ ದಿನದ ಕೆಲಸಕ್ಕೆ ಇಳಿದಳು.

ತಿಂಗಳ ಮೇಲೆ ವಿಜಯಶ್ರೀ ತಾಯಿ ಮಗಳು ಇರುತ್ತಿದ್ದ ಶೆಡ್ಡಿಗೆ ಹೋದಳು. ಅವಳನ್ನು ಕಂಡದ್ದೇ ತಡ, ಗಗನ ಓಡಿ ತಾಯಿಯ ಹಿಂದೆ ಅವಿತು ಸೀರೆಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಳು. "ಅಕ್ಕಾರು ನಮ್ಮೋರು," ಎಂದು ಸುಗಲಮ್ಮ ಎಷ್ಟು ಹೇಳಿದರೂ ಬಿಡಲಿಲ್ಲ.

ವಿಜಯಶ್ರೀ ಒಳಗೆ ಕಾಲಿಡಲಿಲ್ಲ. ಬಾಗಿಲಾಚೆ ನಿಂತೇ ಕೇಳಬೇಕಾದ್ದನ್ನು ಕೇಳಿ, ಬರೆದುಕೊಂಡು, ಬಸ್ಸಿನ ಕಡೆ ನಡೆದಳು.