ಬೆನ್ನಿನ ನಡುವಿನ ಗೇಣಗಲ ಜಾಗ

ನಾನು ಒಂದು ಬಿಳಿ ಟವೆಲ್. ಹುಟ್ಟಿದ್ದು ಸೋಲಾಪುರದ ಒಂದು ಮಗ್ಗದ ಶೆಡ್ಡಿನಲ್ಲಿ. ಹುಟ್ಟುವಾಗಲೇ ನನ್ನ ನೀಲಿ ಅಂಚು ಸೊಟ್ಟಗಾಯಿತು. ಮಗ್ಗದವನು ಬೀಡಿ ಸೇದಲು ಹೊರಗೆ ಹೋಗಿದ್ದ, ಅಷ್ಟೇ. ಇದಕ್ಕೆ ವಿಧಿ, ಹಣೆಬರಹ ಎಂಬ ದೊಡ್ಡ ಮಾತು ಬೇಡ. ಸೊಟ್ಟ ಅಂಚಿನವನ್ನೆಲ್ಲ ಒಂದೇ ಮೂಟೆ ಕಟ್ಟಿ ಬೆಂಗಳೂರಿಗೆ ಕಳಿಸಿದರು.

ಮೊದಲು ಸೇರಿದ್ದು ಮೆಜೆಸ್ಟಿಕ್ ಬಳಿಯ ಒಂದು ಲಾಡ್ಜಿಗೆ. ಅಲ್ಲಿಗೆ ಬಂದವರು ನನ್ನಲ್ಲಿ ಮುಖ ಒರೆಸಿಕೊಂಡು, ಅದೇ ಕೈಯಲ್ಲಿ ಬೂಟನ್ನೂ ಒರೆಸಿದರು. ಮನುಷ್ಯರ ಬಗ್ಗೆ ನನ್ನ ಅಭಿಪ್ರಾಯ ಅಲ್ಲೇ ಗಟ್ಟಿಯಾಯಿತು. ಆಮೇಲೆ ಅದನ್ನು ತಿದ್ದುವ ಸಂದರ್ಭ ಹೆಚ್ಚು ಬಂದಿಲ್ಲ. ಒಂದು ಸಂಗತಿ ಮಾತ್ರ ಅಲ್ಲಿ ಕಲಿತೆ. ಎಂಥ ಬಲಾಢ್ಯನಾದರೂ ಬೆನ್ನಿನ ನಡುವೆ ಗೇಣಗಲ ಜಾಗಕ್ಕೆ ಅವನ ಕೈ ಎಟುಕುವುದಿಲ್ಲ. ಎಷ್ಟು ಸೋಪು ಸವೆಸಿದವನಿಗೂ ಅಲ್ಲಿ ಮಣ್ಣು ಉಳಿದಿರುತ್ತದೆ. ಒರೆಸಿದವಳು ನಾನು, ನನಗೆ ಗೊತ್ತು.

ಲಾಡ್ಜಿನವರು ಹೊಸ ಟವೆಲುಗಳನ್ನು ತರಿಸಿದಾಗ ನಮ್ಮನ್ನು ಭೋಜರಾಜ ಎಂಬವನು ಕೊಂಡ. ಪ್ಲೈವುಡ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವನದೊಂದು ಹಬೆಸ್ನಾನದ ಮನೆ. ಬೋರ್ಡಿನಲ್ಲಿ ‘ಪುರುಷರ ಆರೋಗ್ಯ ಸ್ನಾನ’ ಎಂದಿತ್ತು. ಆರೋಗ್ಯಕ್ಕಾಗಿ ಬಂದವರನ್ನು ನಾನು ಕಂಡಿಲ್ಲ. ಗಂಡಸರನ್ನು ಬಯಸುವ ಗಂಡಸರು ಬರುತ್ತಿದ್ದ ಜಾಗ ಅದು. ಅದರಲ್ಲಿ ತಪ್ಪೇನಿಲ್ಲ, ನನ್ನ ತಕರಾರು ಬೇರೆ. ಭೋಜರಾಜ ಬೆಳಿಗ್ಗೆ ಗಲ್ಲಾದ ಮೇಲೆ ಊದುಬತ್ತಿ ಹಚ್ಚಿ, ಆ ಜನರಿಂದಲೇ ಮಕ್ಕಳ ಫೀಸು ಕಟ್ಟಿ, ಹೆಂಡತಿಗೆ ಫೋನಿನಲ್ಲಿ ಅವರನ್ನು ‘ಆ ಗಲೀಜು’ ಎನ್ನುತ್ತಿದ್ದ.

ಬರುವವರೂ ಬೂಟಾಟಿಕೆಯಲ್ಲಿ ಅವನಿಗಿಂತ ಕಡಿಮೆಯಿರಲಿಲ್ಲ. ಅಲ್ಲಿ ಹೆಸರು ಹೇಳಬಾರದು, ಮಾತಾಡಬಾರದು. ಮದುವೆಯ ಉಂಗುರವನ್ನು ಲಾಕರಿನಲ್ಲಿಡಬೇಕು. ಹಬೆಯ ಕೋಣೆಯ ಕಲ್ಲುಕಟ್ಟೆಯ ಮೇಲೆ ಕೂತು ಓರೆಗಣ್ಣಲ್ಲಿ ನೋಡಬೇಕು. ಪಕ್ಕಕ್ಕೆ ಬಂದವನು ಬೇಡವಾದರೆ ಸೊಂಟದ ಟವೆಲನ್ನು ಇನ್ನೊಮ್ಮೆ ಬಿಗಿದುಕೊಳ್ಳಬೇಕು. ಹೊಟ್ಟೆ ಬಂದವನಿಗೆ ಬಿಗಿತ, ತಲೆ ನರೆತವನಿಗೆ ಬಿಗಿತ, ಹಳ್ಳಿಯ ಚಹರೆಯವನಿಗೆ ಬಿಗಿತ. ಹೊರಗೆ ಊರು ತಮ್ಮನ್ನು ಕೀಳಾಗಿ ಕಾಣುತ್ತದೆಂದು ಮೆಟ್ಟಿಲು ಹತ್ತಿ ಬಂದವರು, ಒಳಗೆ ತಾವೇ ಊರಾಗುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ಕೊಟ್ರೇಶ ಬಂದ. ಹರಪನಹಳ್ಳಿ ಕಡೆಯ ಪ್ರಾಥಮಿಕ ಶಾಲೆಯ ಮೇಷ್ಟ್ರು, ಐವತ್ತರ ಹತ್ತಿರ, ಮದುವೆಯಾಗಿರಲಿಲ್ಲ. ಇಂಥ ಮನೆಗೆ ಬಂದದ್ದು ಅದೇ ಮೊದಲು. ಭೋಜರಾಜ ನನ್ನನ್ನು ಅವನ ಕೈಗೆ ಎಸೆದ. ಲಾಕರಿನ ಮುಂದೆ ಕೊಟ್ರೇಶ ಕೈಚೀಲ ಬಿಚ್ಚಿದ. ಕೊಬ್ಬರಿ ಎಣ್ಣೆಯ ಶೀಶೆ, ಸೋಪಿನ ಡಬ್ಬಿ, ಸೀಗೆಪುಡಿ, ಹೀರೇಕಾಯಿ ನಾರು, ಒಗೆದ ಬನಿಯನ್. ಹಬ್ಬದ ಅಭ್ಯಂಜನಕ್ಕೆ ಹೊರಟಂತಿತ್ತು. ಪಟ್ಟೆ ಚಡ್ಡಿಯ ಮೇಲೆ ನನ್ನನ್ನು ಸುತ್ತಿಕೊಂಡು, ಎಲ್ಲವನ್ನೂ ಹಿಡಿದು ಹಬೆಯೊಳಗೆ ಹೋಗಿ, ಕೂತವರಿಗೆಲ್ಲ ನಮಸ್ಕಾರ ಮಾಡಿದ. ತನ್ನ ಹೆಸರು ಹೇಳಿದ. ಪಕ್ಕದವನನ್ನು ಯಾವ ಊರೆಂದು ವಿಚಾರಿಸಿದ.

ಪಕ್ಕದವನು ಟವೆಲು ಬಿಗಿದುಕೊಂಡು ಎದ್ದುಹೋದ. ಕೊಟ್ರೇಶನಿಗೆ ಅರ್ಥವಾಗಲಿಲ್ಲ. ಸೆಕೆಯೆಂದುಕೊಂಡನೋ ಏನೋ. ಮೈಗೆಲ್ಲ ಎಣ್ಣೆ ಹಚ್ಚಿ, ಸೀಗೆಪುಡಿ ಕಲಸಿ ತಿಕ್ಕತೊಡಗಿದ. ಕೋಣೆಯೆಲ್ಲ ಸೀಗೆಯ ವಾಸನೆ. ಯಾರೋ ಸೀನಿದರು, ಯಾರೋ ಕಿಸಕ್ಕೆಂದರು. ಪೆದ್ದ, ಎಂದುಕೊಂಡೆ ನಾನೂ.

ಆಗ ಅವನು ನಾರನ್ನು ಮುಂದೆ ಚಾಚಿದ. “ಬೆನ್ನು ಒಂದಿಷ್ಟು ತಿಕ್ಕತೀರೇನ್ರಿ ಯಾರಾದ್ರೂ? ನಡುವೆ ಕೈ ಎಟಕಂಗಿಲ್ಲ.”

ಕಟ್ಟೆಯುದ್ದಕ್ಕೂ ಟವೆಲುಗಳು ಬಿಗಿದವು. ಜಿಮ್ಮಿನ ಮೈಯವನೊಬ್ಬನಿದ್ದ. ಉಂಗುರ ಬಿಚ್ಚಿಟ್ಟ ಬೆರಳಲ್ಲಿ ಬಿಳಿ ಗೆರೆ. ಅವನು ಎಲ್ಲರಿಗೂ ಕೇಳುವಂತೆ, “ಅಂಕಲ್, ಎಲ್ಲಿಗೆ ಬಂದಿದೀರ ಅಂತ ಗೊತ್ತಾ? ಇದು ನಿಮ್ಮೂರ ಬಚ್ಚಲಲ್ಲ” ಎಂದ.

“ಗೊತ್ತೈತ್ರಿ,” ಎಂದ ಕೊಟ್ರೇಶ. “ಗೊತ್ತಿದ್ದೇ ಬಂದೀನಿ. ಹೆಂಗ್ ಕೇಳ್ಬೇಕು ಅನ್ನೋದು ಗೊತ್ತಿಲ್ಲ.”

ಚಾಚಿದ ಕೈ ಹಾಗೇ ಇತ್ತು. ಅವನು ಅದನ್ನು ಹಿಂದಕ್ಕೆ ತೆಗೆದಿದ್ದರೆ ಮತ್ತೆಂದೂ, ಯಾರ ಮುಂದೂ ಚಾಚುತ್ತಿರಲಿಲ್ಲ. ಸೊಂಟದಲ್ಲಿದ್ದವಳಿಗೆ ಅಷ್ಟು ತಿಳಿಯುತ್ತದೆ.

ಮೂಲೆಯಿಂದ ಒಬ್ಬರು ಎದ್ದು ಬಂದರು. ನರೆತ ತಲೆ, ಸೋತ ಭುಜ. ವರ್ಷಗಳಿಂದ ಪ್ರತಿ ಭಾನುವಾರ ಬಂದು, ಯಾರ ಕಣ್ಣಿಗೂ ಬೀಳದೆ, ಒದ್ದೆಯಾಗಿ ಹೋಗುತ್ತಿದ್ದವರು. ಅವರನ್ನು ನಾನೂ ಲೆಕ್ಕಕ್ಕಿಟ್ಟಿರಲಿಲ್ಲ. “ತಿರುಗಿ ಕೂತ್ಕೊಳ್ಳಿ,” ಎಂದರು. “ನನ್ನ ಹೆಸರು ಫಣಿರಾಜ. ಮಂಡ್ಯದವನು.”

ಕೊಟ್ರೇಶನದರ ನಂತರ ಆ ಕೋಣೆಯಲ್ಲಿ ನಾನು ಕೇಳಿದ ಎರಡನೆಯ ಹೆಸರು ಅದು. ನಗು ನಿಂತಿತು. ಫಣಿರಾಜರು ತಿಕ್ಕುತ್ತಾ ಹೋದಂತೆ ಕೊಟ್ರೇಶ ಮೆಲ್ಲಗೆ ಹೇಳಿದ. ಟ್ರೈನಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ವಿರೂಪಾಕ್ಷಿ ಎಂಬ ಗೆಳೆಯ ಭಾನುವಾರಕ್ಕೊಮ್ಮೆ ಹೀಗೆ ಬೆನ್ನು ತಿಕ್ಕುತ್ತಿದ್ದನಂತೆ. ಅವನಿಗೆ ಮದುವೆಯಾಯಿತಂತೆ. ಆಮೇಲೆ ಯಾರೂ ಮುಟ್ಟಿಲ್ಲವಂತೆ. ಗಂಡಸು ಗಂಡಸನ್ನು ಅಂಜದೆ ಮುಟ್ಟುವ ದಾರಿ ಅವನಿಗೆ ಗೊತ್ತಿದ್ದದ್ದು ಅದೊಂದೇ. ಅದಕ್ಕೇ ನಾರು ತಂದಿದ್ದ. ಫಣಿರಾಜರ ಕೈ ನಿಧಾನವಾಯಿತು.

ಹೊರಡುವಾಗ ಕೊಟ್ರೇಶ ಒದ್ದೆ ಬಟ್ಟೆಗಳ ಜೊತೆ ನನ್ನನ್ನೂ ಹಿಂಡಿ ಚೀಲಕ್ಕೆ ಹಾಕಿಕೊಂಡ. ಕದ್ದದ್ದಲ್ಲ, ಮರೆತದ್ದು. ಊರಿಗೆ ಹೋಗಿ ನೋಡಿಕೊಂಡು ಗಾಬರಿಯಾದ. ನೀಲಿ ಹಾಕಿ ಒಗೆದು, ಇಸ್ತ್ರಿ ಮಾಡಿ, ಮುಂದಿನ ಭಾನುವಾರ ಬಸ್ಸು ಹತ್ತಿದ.

ಗಲ್ಲಾದ ಹಿಂದೆ ಹೊಸ ಬೋರ್ಡು ಬಂದಿತ್ತು: ‘ಎಣ್ಣೆ, ಸೀಗೆಪುಡಿ ತರಬಾರದು’. ಮೋರಿ ಕಟ್ಟಿಕೊಂಡಿತ್ತಂತೆ. ಭೋಜರಾಜ ನನ್ನನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ವಾಪಸ್ ತಳ್ಳಿದ. ಇಟ್ಟುಕೊಳ್ಳಿ, ಇನ್ನು ಬರಬೇಡಿ ಎಂದ. ಹೆಸರು ಊರು ಕೇಳುವವರು ಬಂದರೆ ಗಿರಾಕಿಗಳು ಹೆದರುತ್ತಾರೆ, ಇದು ಮರ್ಯಾದಸ್ಥರು ಬರುವ ಜಾಗ ಎಂದೂ ಸೇರಿಸಿದ. ಜಿಮ್ಮಿನ ಮೈಯವನು ಪಕ್ಕದಲ್ಲೇ ಶೂ ಲೇಸು ಕಟ್ಟುತ್ತಾ ತಲೆ ಆಡಿಸಿದ. ಉಂಗುರ ಆಗಲೇ ಬೆರಳಿಗೆ ಮರಳಿತ್ತು.

ಕೊಟ್ರೇಶ ನನ್ನನ್ನು ಎದೆಗೊತ್ತಿಕೊಂಡು ನಿಂತ. ಫಣಿರಾಜರು ಅದೇ ಹೊತ್ತಿಗೆ ಮೆಟ್ಟಿಲು ಹತ್ತಿ ಬಂದರು. ಭೋಜರಾಜ ಅವರತ್ತ ಟವೆಲು ಚಾಚಿದ. ಅವರು ತೆಗೆದುಕೊಳ್ಳಲಿಲ್ಲ. ಬೀದಿಯಲ್ಲಿ ಯಾರೊಂದಿಗೂ ಕಾಣಿಸಿಕೊಳ್ಳಬಾರದೆಂದು, ಮೊದಲು ಕಿಟಕಿಯಿಂದ ಇಣುಕಿ ಆಮೇಲೆ ಇಳಿಯುತ್ತಿದ್ದ ಮನುಷ್ಯ, ಗಲ್ಲಾದ ಮುಂದೆ ಗಟ್ಟಿಯಾಗಿಯೇ ಹೇಳಿದರು:

“ಬನ್ನಿ ಕೊಟ್ರೇಶ್, ನಮ್ಮ ಮನೇಲಿ ಹಂಡೆ ಇದೆ.”

ಇಬ್ಬರೂ ಹಗಲಲ್ಲಿ, ಜೊತೆಯಾಗಿ, ಪ್ಲೈವುಡ್ ಅಂಗಡಿಯವರ ಕಣ್ಣೆದುರೇ ಬೀದಿಗಿಳಿದರು.

ಈಗ ನನಗೆ ವಯಸ್ಸಾಗಿದೆ. ಸೊಟ್ಟ ಅಂಚು ಹರಿದುಹೋಗಿದೆ. ಫಣಿರಾಜರ ಬಚ್ಚಲಿನಲ್ಲಿ ಹಂಡೆಯ ಪಕ್ಕದ ಮೊಳೆಯ ಮೇಲೆ ನೇತಾಡುತ್ತೇನೆ. ಬಿಸಿ ಮುಚ್ಚಳ ಹಿಡಿಯಲು ನಾನು ಬೇಕು. ಶಾಲೆಗೆ ರಜೆ ಬಂದಾಗಲೆಲ್ಲ ಕೊಟ್ರೇಶ ಬರುತ್ತಾನೆ. ಆಗ ಅಪರೂಪಕ್ಕೆ ನನ್ನಿಂದ ಮೈ ಒರೆಸುವುದೂ ಉಂಟು.

ಮನುಷ್ಯರ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಭೋಜರಾಜನ ಮನೆಯಿಂದ ಅಷ್ಟೊಂದು ಜನ ಹಬೆಯಲ್ಲಿ ಬೆಂದು, ಸೆಂಟು ಹಾಕಿಕೊಂಡು ಇಳಿದು ಹೋದರು. ಕೊಟ್ರೇಶನೊಬ್ಬನನ್ನು ಬಿಟ್ಟು ಎಲ್ಲರೂ ಆ ಗೇಣಗಲ ಮಣ್ಣನ್ನು ಹೊತ್ತುಕೊಂಡೇ ಹೋದರು. ಸ್ವಚ್ಛವಾಗಿರುವ ಬೆನ್ನುಗಳೆಂದು ನಾನು ಒರೆಸಿದ್ದು ಈ ಬಚ್ಚಲಿನವರದ್ದನ್ನು ಮಾತ್ರ. ಎರಡೇ.