ನೂರಿಪ್ಪತ್ತೆರಡು ಬೈ ಎಂಬತ್ತು

ದಿಲ್ಲಿಯ ಸುತ್ತಮುತ್ತ ಚಂದ್ರಪ್ಪನಷ್ಟು ಸಲ ಬಿ.ಪಿ. ನೋಡಿಸಿಕೊಂಡ ಮನುಷ್ಯ ಇನ್ನೊಬ್ಬ ಇದ್ದಿರಲಾರ. ದಾವಣಗೆರೆ ಕಡೆಯಿಂದ ಎಂ.ಪಿ. ಒಬ್ಬರ ಅಡುಗೆಯವನಾಗಿ ಬಂದು, ಎಂ.ಪಿ. ಸೋತ ಮೇಲೂ ಊರಿಗೆ ಹೋಗದೆ ಉಳಿದವನು. ಈಗ ಇಂದಿರಾಪುರಂ ದಾಟಿ ಸಾಸಿವೆ ಹೊಲದ ನಡುವೆ ಎದ್ದಿದ್ದ ಖಾಸಗಿ ಫಿಸಿಯೋಥೆರಪಿ ಕಾಲೇಜಿನಲ್ಲಿ ಲ್ಯಾಬ್ ಅಟೆಂಡರ್. ಪ್ರಾಕ್ಟಿಕಲ್ ಪರೀಕ್ಷೆ ಬಂತೆಂದರೆ ಸ್ಟೂಲಿನ ಮೇಲೆ ಕೂತು ತೋಳು ಚಾಚುವುದು ಅವನ ಕೆಲಸ. ಎಂಟು ವರ್ಷದ ಹಿಂದೆ ಮೊದಲ ಬ್ಯಾಚಿನವರು ನಿಜವಾಗಿಯೂ ಅಳೆದು 122/80 ಎಂದು ಬರೆದರು. ಮುಂದಿನ ಬ್ಯಾಚಿಗೆ ಅವರು ನೋಟ್ಸಿನ ಜೊತೆ ಆ ಸಂಖ್ಯೆಯನ್ನೂ ಕೊಟ್ಟರು. ಅಂದಿನಿಂದ ಚಂದ್ರಪ್ಪನ ತಲೆ ನೆರೆಯಿತು, ಹೊಟ್ಟೆ ಬಂತು, ಬಿ.ಪಿ. ಮಾತ್ರ ಗುರುತಿನ ಚೀಟಿಯ ಫೋಟೋದ ಹಾಗೆ ಯೌವನದಲ್ಲೇ ನಿಂತಿತು.

ವಿದ್ಯಾರ್ಥಿನಿ ಪೂವಮ್ಮನಿಗೆ ಆ ಸಂಖ್ಯೆಯನ್ನು ಅವನೇ ಹೇಳಿದ, ಪರೀಕ್ಷೆಯ ಹಿಂದಿನ ದಿನ, ಪ್ರಸಾದ ಕೊಟ್ಟ ಹಾಗೆ. ಇಡೀ ಕಾಲೇಜಿನಲ್ಲಿ ಕನ್ನಡ ಬಲ್ಲವರು ಅವರಿಬ್ಬರೇ.

"ಪಟ್ಟಿ ಸುತ್ತು, ಗಾಳಿ ಹೊಡಿ, ಮುಖ ಗಂಭೀರ ಮಾಡ್ಕೊ, ಬರಿ. ಹೋದ್ ಸಲ ಏನೂ ಕೇಳಿಸ್ಲಿಲ್ಲ ಅಂತ ಖಾಲಿ ಬಿಟ್ಯಲ್ಲ, ಅದಕ್ಕೇ ಏಟು ಬಿದ್ದಿದ್ದು."

"ಸಚ್ಚೀ ಕೇಳಿಸಿರ್ಲಿಲ್ಲ ಅಂಕಲ್."

"ಸತ್ಯ ಹೇಳಕ್ಕೆ ಕೋರ್ಟಿದೆ ಕಣವ್ವಾ. ಇದು ಪರೀಕ್ಷೆ."

ಇದು ಎರಡನೆಯ ಮತ್ತು ಕೊನೆಯ ಅವಕಾಶ. ಅವಳಪ್ಪ ಸುಬೇದಾರ್ ಕಾರ್ಯಪ್ಪ ಬರುವ ಜೂನಿನಲ್ಲಿ ನಿವೃತ್ತರಾಗಿ ಕಂಟೋನ್ಮೆಂಟಿನ ಕ್ವಾರ್ಟರ್ಸ್ ಬಿಡುವವರಿದ್ದರು. ಪಾಸಾದರೆ ಹಾಸ್ಟೆಲ್, ಫೇಲಾದರೆ ಎಲ್ಲರ ಜೊತೆ ಬೋರಿಯಾ ಬಿಸ್ತರ್ ಕಟ್ಟಿ ವಿರಾಜಪೇಟೆಗೆ ಎಂದು ಅವರು ಆರ್ಡರ್ ಹೊರಡಿಸಿಯಾಗಿತ್ತು. ಜೀರ್ಣಾಂಗ, ಶ್ವಾಸಾಂಗ, ನರಮಂಡಲ ಇವನ್ನೆಲ್ಲ ಪೂವಮ್ಮ ಪರೇಡಿನಂತೆ ಸಾಲಾಗಿ ನಿಲ್ಲಿಸಬಲ್ಲಳು. ಕೈಕೊಟ್ಟದ್ದು ರಕ್ತಪರಿಚಲನೆಯೊಂದೇ. ಅದು ಬಾಯಿಪಾಠಕ್ಕೆ ಬಗ್ಗುವುದಿಲ್ಲ, ಕಿವಿಗೆ ಕೇಳಬೇಕು. ಹಾಗಾಗಿ ಆರು ತಿಂಗಳು ದಿನಾ ಸಂಜೆ ಅಪ್ಪನ ತೋಳಿಗೆ ಪಟ್ಟಿ ಸುತ್ತಿದ್ದಳು. ಅವರು ಕುರ್ಚಿಯಲ್ಲೂ ಅಟೆನ್ಷನ್ನಿನಲ್ಲೇ ಕೂರುತ್ತಿದ್ದರು. ಮೂರನೆಯ ತಿಂಗಳಿಗೆ ಮೊದಲ ಟಪ್ ಕೇಳಿಸಿತು.

ಪರೀಕ್ಷೆ ಬರೆಯುವವರು ಹನ್ನೆರಡು ಮಂದಿ. ಪೂವಮ್ಮ ಕೊನೆಯವಳು. ಮೀರತ್ತಿನಿಂದ ಬಂದಿದ್ದ ಎಕ್ಸ್‌ಟರ್ನಲ್ ಪರೀಕ್ಷಕ ಸಾಹೇಬರು ಕಿಟಕಿಯ ಬಳಿ ಸಮೋಸಾ ಮುಗಿಸುತ್ತ ಒಂದೊಂದೇ ಹಾಳೆಗೆ ರೈಟ್ ಹಾಕಿ ಸಹಿ ಮಾಡುತ್ತಿದ್ದರು.

"ಹತ್ತು ನಿಮಿಷ," ಎಂದರು ತಲೆ ಎತ್ತದೆ.

ಅವಳು ಪಟ್ಟಿ ಸುತ್ತಿ, ಎಡಗೈ ಬೆರಳುಗಳನ್ನು ಚಂದ್ರಪ್ಪನ ನಾಡಿಯ ಮೇಲಿಟ್ಟು ಗಾಳಿ ಹೊಡೆದಳು. ಪಾದರಸ ನೂರಮೂವತ್ತಕ್ಕೆ ಏರಿತು. ಬಿ.ಪಿ. ನೂರಿಪ್ಪತ್ತೆರಡೇ ಆಗಿದ್ದರೆ ಅಷ್ಟರಲ್ಲಿ ನಾಡಿ ನಿಂತಿರಬೇಕಿತ್ತು, ನಿಲ್ಲಲಿಲ್ಲ. ನೂರೈವತ್ತು, ನೂರೆಪ್ಪತ್ತು. ನೂರೆಂಬತ್ತು ದಾಟಿದ ಮೇಲೆ ಬೆರಳಡಿ ಮಾಯವಾಯಿತು. ಸ್ಟೆತಾಸ್ಕೋಪನ್ನು ಮೊಣಕೈ ಸಂದಿಗೆ ಒತ್ತಿ, ಇನ್ನಷ್ಟು ಗಾಳಿ ಹೊಡೆದು, ನಿಧಾನವಾಗಿ ಬಿಟ್ಟಳು. ನೂರೆಂಬತ್ತೆಂಟಕ್ಕೆ ಟಪ್. ಬಾಗಿಲು ಬಡಿದ ಹಾಗೆ. ಆ ಬಡಿತ ನೂರಹನ್ನೆರಡರವರೆಗೂ ನಿಲ್ಲಲಿಲ್ಲ.

"ಅಂಕಲ್, ನಿಮಗೆ ಏನಾದ್ರೂ ಆಗ್ತಿದ್ಯಾ?"

"ಬೆಳಿಗ್ಗಿಂದ ತಲೆ ಸಿಡೀತಿದೆ. ಒಂದು ಗುಳಿಗೆ ನುಂಗಿದೀನಿ ಬಿಡು." ಅವನು ತುಟಿ ಅಲುಗಿಸದೆ ಕನ್ನಡದಲ್ಲಿ ಪಿಸುಗುಟ್ಟಿದ. "ನೂರಿಪ್ಪತ್ತೆರಡು ಬರಿ. ಅವರು ನೋಡ್ತಾ ಇದಾರೆ."

ಅವಳು 188/112 ಎಂದು ಬರೆದಳು.

ಸಾಹೇಬರು ಹಾಳೆ ನೋಡಿದರು, ನಕ್ಕರು. "ಯೇ ಕ್ಯಾ ಹೈ, ಬೇಟಾ? ಹನ್ನೊಂದು ಜನರ ಕೈಯಲ್ಲಿ ಗಟ್ಟಿಮುಟ್ಟಾಗಿದ್ದ ಮನುಷ್ಯ ನಿನ್ನ ಕೈಗೆ ಬಂದ ಕೂಡಲೇ ಐ.ಸಿ.ಯು. ಸೇರಿದನೇ?" ಹಿಂದಿನ ಸಲದ ಅಂಕಪಟ್ಟಿಯನ್ನೊಮ್ಮೆ ನೋಡಿ ದನಿ ಮೆತ್ತಗೆ ಮಾಡಿದರು. "ಇನ್ನೂ ನಾಲ್ಕು ನಿಮಿಷ ಇದೆ. ಚಲೋ, ಇನ್ನೊಮ್ಮೆ ನೋಡಿ ಸರಿ ಮಾಡಿಕೊ."

ಅದು ಕರುಣೆಯೇ. ಸರಿ ಮಾಡಿಕೊಳ್ಳುವುದೆಂದರೆ ಏನೆಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಪೂವಮ್ಮ ಮತ್ತೆ ಪಟ್ಟಿ ಸುತ್ತಿದಳು. ಕಿವಿಯಲ್ಲಿ ಬಡಿಯುತ್ತಿರುವುದು ಅವನ ರಕ್ತವೋ ತನ್ನದೋ ಎಂದು ಒಂದು ಕ್ಷಣ ಅನುಮಾನ. ಈ ಸಲ ನೂರತೊಂಬತ್ತು.

"ನನ್ ಮಾತು ಕೇಳವ್ವಾ," ಚಂದ್ರಪ್ಪ ಹಲ್ಲು ಕಚ್ಚಿದ. "ನಿಮ್ಮಪ್ಪ ಊರಿಗೆ ಎಳ್ಕೊಂಡು ಹೋಗ್ತಾರೆ."

ಅವನ ಹಣೆಯಲ್ಲಿ ನವೆಂಬರಿನ ಚಳಿಯಲ್ಲೂ ಬೆವರಿತ್ತು. ಪೂವಮ್ಮ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದಳು. ಕೊನೆಗೆ ತೆಗೆದು, ಮೊದಲಿನದರ ಕೆಳಗೆ 190/114 ಎಂದು ಬರೆದು ಹಾಳೆ ಕೊಟ್ಟಳು.

"ಸರ್, ನೀವೇ ಒಂದ್ಸಲ ನೋಡಿ. ನಂದು ತಪ್ಪಾಗಿದ್ರೆ ಫೇಲ್ ಮಾಡಿ."

"ಅದನ್ನು ನೀನು ಹೇಳಿಕೊಡಬೇಕಿಲ್ಲ," ಎಂದು ಸಾಹೇಬರು ಸಿಡುಕಿ ಎದ್ದರು. ಕೈಯ ಎಣ್ಣೆ ಒರೆಸಿಕೊಂಡು, ಸ್ಟೆತಾಸ್ಕೋಪ್ ಕಿವಿಗೆ ಸಿಕ್ಕಿಸಿ, ನೂರಿಪ್ಪತ್ತೆರಡರ ಮನುಷ್ಯನಿಗೆ ಸಾಕಾಗುವಂತೆ ನೂರೈವತ್ತರವರೆಗೆ ಗಾಳಿ ಹೊಡೆದರು. ಕೇಳಿದರು. ಹುಬ್ಬು ಕೂಡಿತು. ಇನ್ನಷ್ಟು ಹೊಡೆದರು. ಪಾದರಸ ನೂರೆಪ್ಪತ್ತು, ನೂರೆಂಬತ್ತು ದಾಟಿ ನೂರತೊಂಬತ್ತಕ್ಕೆ ಹೋಯಿತು. ಬಾಗಿಲಲ್ಲಿ ನಿಂತು ಇಣುಕುತ್ತಿದ್ದ ಹನ್ನೊಂದು ಮಂದಿ ನಗುವುದನ್ನು ಬಿಟ್ಟರು.

ಸಾಹೇಬರು ಪಟ್ಟಿ ಬಿಚ್ಚಿದರು. "ತಲೆನೋವು ಯಾವಾಗಿನಿಂದ?" ಎಂದು ಚಂದ್ರಪ್ಪನನ್ನು ಕೇಳಿದರು, ಮೊದಲ ಬಾರಿಗೆ ಅವನ ಮುಖ ನೋಡಿ.

"ದೀಪಾವಳಿಯಿಂದ, ಸಾಬ್."

ಸಾಹೇಬರ ಕಣ್ಣು ಮೇಜಿನ ಮೇಲಿನ ಹನ್ನೊಂದು ಹಾಳೆಗಳತ್ತ ಹೋಯಿತು. ಹನ್ನೊಂದರಲ್ಲೂ 122/80, ಹನ್ನೊಂದರ ಕೆಳಗೂ ಅವರದೇ ಸಹಿ. ಅವರು ಅವನ್ನು ಒಟ್ಟಿಗೆ ಮಡಚಿ ಹರಿದರು. "ಮಧ್ಯಾಹ್ನ ಎರಡಕ್ಕೆ ಇವರೆಲ್ಲ ಒಬ್ಬರದನ್ನೊಬ್ಬರು ಅಳೆಯಲಿ. ನಾನು ಪಕ್ಕದಲ್ಲೇ ನಿಲ್ಲುತ್ತೇನೆ." ಆಮೇಲೆ ಪೂವಮ್ಮನ ಕಡೆ ತಿರುಗಿ, "ಮೊದಲು ನಾಡಿ ಹಿಡಿದು ನೋಡಿದೆಯಲ್ಲ, ಯಾಕೆ?"

"ಎಲ್ಲಿವರೆಗೆ ಗಾಳಿ ಹೊಡೀಬೇಕು ಅಂತ ಗೊತ್ತಾಗೋಕೆ, ಸರ್."

"ನಾನು ಹಿಡಿಯಲಿಲ್ಲ," ಎಂದರು ಸಾಹೇಬರು. ಅವಳ ಹಾಳೆಯ ಮೇಲೆ ಐವತ್ತಕ್ಕೆ ನಲವತ್ತೊಂದು ಎಂದು ಬರೆದು, ಸಹಿ ಹಾಕಿ, ತಮ್ಮ ಡ್ರೈವರನ್ನು ಕೂಗಿದರು.

ಚಂದ್ರಪ್ಪನನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದ್ದು ಪೂವಮ್ಮನೇ. ಆಸ್ಪತ್ರೆಗೆ ಜೊತೆಗೆ ಹೊರಟವಳೂ ಅವಳೇ. ಕಾರು ಗೇಟು ದಾಟಿತು.

"ಎಂಟು ವರ್ಷ ಮರ್ಯಾದೆಯಿಂದ ನೂರಿಪ್ಪತ್ತೆರಡರಲ್ಲಿದ್ದೆ," ಎಂದ ಚಂದ್ರಪ್ಪ. "ನೀನು ಬಂದು ಕೆಡಿಸಿದೆ."

"ಮಾತಾಡ್ಬೇಡಿ ಅಂಕಲ್, ಇನ್ನೂ ಏರತ್ತೆ."

ಅವನು ತೋಳು ಅವಳತ್ತ ಚಾಚಿದ, ರೂಢಿಯಂತೆ. ಅವಳು ನಾಡಿಯ ಮೇಲೆ ಬೆರಳಿಟ್ಟು ಗಡಿಯಾರ ನೋಡುತ್ತ ಎಣಿಸತೊಡಗಿದಳು.